ಉಪಗ್ರಹಕ್ಕೆ ನೆಲದ ಮೇಲೊಂದು ನೆಲೆ

2010ರ ಜುಲೈ 12ರಂದು ಶ್ರೀಹರಿಕೋಟಾದಿಂದ ಹಾರಿದ ಪಿಎಸ್‌ಎಲ್‌ವಿ–ಸಿ15 ರಾಕೆಟ್, ಕಾರ್ಟೊಸ್ಯಾಟ್–2ಬಿ ಜೊತೆಗೆ ಒಂದು ಕಿಲೊಗಿಂತ ಹಗುರವಾದ ಪುಟ್ಟ ಪೆಟ್ಟಿಗೆಯೊಂದನ್ನೂ ಕಕ್ಷೆಗೆ ಬಿಟ್ಟಿತು. ಅದರ ಹೆಸರು ಸ್ಟಡ್‌ಸ್ಯಾಟ್. ಬೆಂಗಳೂರು ಮತ್ತು ಹೈದರಾಬಾದಿನ ಏಳು ಎಂಜಿನಿಯರಿಂಗ್ ಕಾಲೇಜುಗಳ ಹುಡುಗ ಹುಡುಗಿಯರು ಸೇರಿ ಕಟ್ಟಿದ, ದೇಶದ ಮೊದಲ ಪಿಕೊ ಉಪಗ್ರಹ ಅದು. ಸುದ್ದಿಯಾದದ್ದು ಆ ಪೆಟ್ಟಿಗೆ. ಯೋಜನೆಯ ಇನ್ನರ್ಧ ಮಾತ್ರ ಯಲಹಂಕದ ನಿಟ್ಟೆ ಮೀನಾಕ್ಷಿ ಕಾಲೇಜಿನಲ್ಲೇ ಇತ್ತು. ಅದು ನಾಸ್‌ಟ್ರ್ಯಾಕ್, ಸ್ಟಡ್‌ಸ್ಯಾಟ್‌ ಜೊತೆ ಮಾತಾಡಲೆಂದು ಕಟ್ಟಿದ ಗ್ರೌಂಡ್ ಸ್ಟೇಷನ್.

ಒಮ್ಮೆ ಹಾರಿದ ಉಪಗ್ರಹವನ್ನು ಮತ್ತೆ ಕೈಯಲ್ಲಿ ಹಿಡಿಯುವಂತಿಲ್ಲ. ಬ್ಯಾಟರಿ ಎಷ್ಟು ಬಿಸಿಯಾಗಿದೆ, ಸೌರಫಲಕ ವಿದ್ಯುತ್ ಕೊಡುತ್ತಿದೆಯೇ, ಕ್ಯಾಮೆರಾ ಚಿತ್ರ ತೆಗೆಯಿತೇ ಎಂಬುದೆಲ್ಲ ತಿಳಿಯುವುದು ರೇಡಿಯೊ ಮೂಲಕ ಮಾತ್ರ. ನೆಲದ ಮೇಲೆ ಕೇಳುವವರಿಲ್ಲದಿದ್ದರೆ ಎಷ್ಟೇ ಚೆನ್ನಾಗಿ ಕಟ್ಟಿದ ಉಪಗ್ರಹವೂ ಸುಮ್ಮನೆ ಸುತ್ತುವ ಲೋಹದ ತುಂಡು. ಇಸ್ರೊ ತನ್ನ ಉಪಗ್ರಹಗಳಿಗಾಗಿ ಪೀಣ್ಯದಲ್ಲಿ ಇಸ್ಟ್ರ್ಯಾಕ್ ಎಂಬ ಕೇಂದ್ರ ನಡೆಸುತ್ತದೆ. ದೂರದ ನೌಕೆಗಳಿಗಾಗಿ ಬ್ಯಾಲಾಳುವಿನಲ್ಲಿ 32 ಮೀಟರ್ ಅಗಲದ ಡಿಶ್ ನಿಲ್ಲಿಸಿದೆ. ಕಾಲೇಜಿಗೆ ಅಷ್ಟೆಲ್ಲ ಬೇಕಿಲ್ಲ. ಟೆರೇಸ್, ಗಟ್ಟಿ ಕಂಬ, ಎರಡು ಯಾಗಿ ಆಂಟೆನಾ, ಅವನ್ನು ತಿರುಗಿಸುವ ರೋಟೇಟರ್, ಕೆಳಗಿನ ಕೋಣೆಯಲ್ಲಿ ರೇಡಿಯೊ ಮತ್ತು ಕಂಪ್ಯೂಟರ್ ಇದ್ದರೆ ಕೆಲಸ ಶುರುವಾಗುತ್ತದೆ.

ಯಾಗಿ ನಮಗೆ ಹೊಸದಲ್ಲ. ದೂರದರ್ಶನದ ಕಾಲದಲ್ಲಿ ಮನೆಮನೆಯ ಮೇಲಿದ್ದ ಅಲ್ಯೂಮಿನಿಯಂ ಕಡ್ಡಿಗಳ ಆಂಟೆನಾ ಇದೇ ಕುಲದ್ದು. ವಿದ್ಯಾರ್ಥಿ ಉಪಗ್ರಹಗಳು ಹೆಚ್ಚಾಗಿ ಬಳಸುವುದು ಹವ್ಯಾಸಿಗಳ ಹ್ಯಾಮ್ ರೇಡಿಯೊಗೆ ಅವಕಾಶವಿರುವ 145 ಮತ್ತು 437 ಮೆಗಾಹರ್ಟ್ಸ್ ಆಸುಪಾಸಿನ ಪಟ್ಟಿಗಳನ್ನು. 437ಕ್ಕೆ ಮುಖ್ಯ ಕಡ್ಡಿಯ ಉದ್ದ ಸುಮಾರು 34 ಸೆಂಟಿಮೀಟರ್, 145ಕ್ಕೆ ಹತ್ತಿರ ಹತ್ತಿರ ಒಂದು ಮೀಟರ್. ಪುಟ್ಟ ಉಪಗ್ರಹ ಮಗುಚುತ್ತಾ ಸಾಗುವುದರಿಂದ ಅದರ ತರಂಗ ಒಮ್ಮೆ ಅಡ್ಡ, ಒಮ್ಮೆ ಲಂಬವಾಗಿ ಬರುತ್ತದೆ. ಹಾಗಾಗಿ ಒಂದೇ ಉದ್ದ ದಂಡದ, ಅಂದರೆ ಬೂಮ್‌ನ ಮೇಲೆ ಎರಡು ಸಾಲು ಕಡ್ಡಿಗಳನ್ನು ಕತ್ತರಿಯಾಕಾರದಲ್ಲಿ ಕೂರಿಸುತ್ತಾರೆ. ಕಡ್ಡಿ ಕೊಯ್ದು, ಅಳೆದು, ಮೀಟರ್ ಹಚ್ಚಿ, ಮತ್ತೆ ಅರ್ಧ ಸೆಂಟಿಮೀಟರ್ ಉಜ್ಜಿ ಸರಿಪಡಿಸುವ ಈ ಕೆಲಸ ಕಲಿಸುವಷ್ಟು ಆಂಟೆನಾ ಪಾಠವನ್ನು ಯಾವ ಸೆಮಿಸ್ಟರೂ ಕಲಿಸದು.

ಸುಮಾರು 630 ಕಿಲೊಮೀಟರ್ ಎತ್ತರದಲ್ಲಿರುವ ಉಪಗ್ರಹ 97 ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತುತ್ತದೆ. ಆದರೆ ಧ್ರುವಗಳ ಮೇಲೆ ಹಾದುಹೋಗುವ ಕಕ್ಷೆಯಾದರೆ ಬೆಂಗಳೂರಿಗೆ ಕಾಣುವುದು ದಿನಕ್ಕೆ ಹೆಚ್ಚುಕಡಿಮೆ ನಾಲ್ಕು ಸಲ; ನೆತ್ತಿಯ ಮೇಲೆ ಹಾದರೂ ಒಂದೊಂದು ಭೇಟಿ ಹದಿಮೂರು ನಿಮಿಷ ಮೀರದು. ಇದನ್ನೇ ಪಾಸ್ ಎನ್ನುತ್ತಾರೆ. ದಿಗಂತದಲ್ಲಿ ಮೂಡುವಾಗ ಅದು 2,900 ಕಿಲೊಮೀಟರ್ ದೂರದಲ್ಲಿರುತ್ತದೆ. ಆಗ ಸಿಗುವ ಸಂಕೇತ, ನೆತ್ತಿಯ ಮೇಲಿದ್ದಾಗಿನದ್ದಕ್ಕಿಂತ ಇಪ್ಪತ್ತು ಪಟ್ಟು ದುರ್ಬಲ. ಜೊತೆಗೆ ಡಾಪ್ಲರ್ ಕಾಟ. ನಮ್ಮತ್ತ ಬಂದು ದಾಟಿಹೋಗುವ ಆಂಬುಲೆನ್ಸ್‌ನ ಸೈರನ್ ಹೇಗೆ ಏರಿ ಇಳಿಯುತ್ತದೆಯೋ ಹಾಗೆಯೇ 437 ಮೆಗಾಹರ್ಟ್ಸ್ ಸಂಕೇತ ಬರುವಾಗ ಹತ್ತು ಕಿಲೊಹರ್ಟ್ಸ್ ಮೇಲೆ, ಹೋಗುವಾಗ ಅಷ್ಟೇ ಕೆಳಗೆ ಜಾರುತ್ತದೆ. ಜೀಪ್ರೆಡಿಕ್ಟ್‌ನಂಥ ಉಚಿತ ತಂತ್ರಾಂಶ ಕಕ್ಷೆಯ ವಿವರವಿರುವ ಎರಡು ಸಾಲಿನ ಅಂಕಿಗಳನ್ನು ಓದಿಕೊಂಡು ಆಂಟೆನಾವನ್ನೂ ತಿರುಗಿಸುತ್ತದೆ, ರೇಡಿಯೊವನ್ನೂ ಹೊಂದಿಸುತ್ತದೆ. ಒಂದೇ ರಾಕೆಟ್‌ನಲ್ಲಿ ಹಲವು ಉಪಗ್ರಹ ಹೋದಾಗ ಮಾತ್ರ ಮೊದಲ ಕೆಲವು ದಿನ ಯಾವ ಅಂಕಿ ಯಾರದೆಂದು ಗೊತ್ತಾಗದು. ಆಗ ಕಿವಿಗೊಟ್ಟು ಹುಡುಕಬೇಕು.

ಟೆರೇಸಿನ ಕೆಲಸದಲ್ಲಿ ಸಣ್ಣದೆಂಬುದು ಯಾವುದೂ ಇಲ್ಲ. ಕೋಆಕ್ಸಿಯಲ್ ಕೇಬಲ್ ಉದ್ದವಾದಷ್ಟೂ ಸಂಕೇತ ದಾರಿಯಲ್ಲೇ ಸೋರಿಹೋಗುತ್ತದೆ. ಅದಕ್ಕೇ ಸಂಕೇತವನ್ನು ಹಿಗ್ಗಿಸುವ ಪ್ರಿಆಂಪ್ಲಿಫೈಯರನ್ನು ಕೋಣೆಯಲ್ಲಿಡದೆ ಕಂಬದ ಮೇಲೆ, ಆಂಟೆನಾ ಪಕ್ಕದಲ್ಲೇ ಕಟ್ಟುತ್ತಾರೆ. ಕನೆಕ್ಟರ್‌ಗೆ ಸ್ವಯಂ ಅಂಟಿಕೊಳ್ಳುವ ರಬ್ಬರ್ ಟೇಪನ್ನು ಎಳೆದೆಳೆದು ಸುತ್ತಿ, ಕೇಬಲ್ ಕೋಣೆಯೊಳಗೆ ನುಗ್ಗುವ ಮೊದಲು ಒಂದು ಬಳುಕು ಕೆಳಕ್ಕೆ ಇಳಿಬಿಡಬೇಕು. ಮಳೆನೀರು ಆ ಬಳುಕಿನ ತುದಿಯಲ್ಲೇ ತೊಟ್ಟಿಕ್ಕಿ ಬೀಳುತ್ತದೆ, ಒಳಗೆ ಹರಿಯುವುದಿಲ್ಲ. ರೋಟೇಟರ್ ತಿರುಗುವಾಗ ಕೇಬಲ್ ಕಂಬಕ್ಕೆ ಸುತ್ತಿ ಬಿಗಿಯದಂತೆ ಸಡಿಲ ಬಿಟ್ಟಿರಬೇಕು. ಉತ್ತರ ದಿಕ್ಕನ್ನು ಹೊಂದಿಸಿದ ಮೇಲೆ ಆಂಟೆನಾವನ್ನು ಸೂರ್ಯನತ್ತ ತಿರುಗಿಸಿ, ಬೂಮ್‌ನ ನೆರಳು ಕುಗ್ಗಿ ಚುಕ್ಕೆಯಾಗುತ್ತದೆಯೇ ನೋಡಬೇಕು. ಸಿಡಿಲು ತಡೆಗೆ ಅರೆಸ್ಟರ್, ಒಳ್ಳೆಯ ಅರ್ತಿಂಗ್ ಅಂತೂ ಬೇಕೇ ಬೇಕು.

ಕಾಗದದ ಕೆಲಸವೂ ಉಂಟು. ಹ್ಯಾಮ್ ಪಟ್ಟಿಯಲ್ಲಿ ಉಪಗ್ರಹಕ್ಕೆ ಆಜ್ಞೆ ಕಳುಹಿಸುವವರು ದೂರಸಂಪರ್ಕ ಇಲಾಖೆಯ ಪರೀಕ್ಷೆ ಪಾಸಾಗಿ ಪರವಾನಗಿ, ಕರೆಸಂಕೇತ ಪಡೆದಿರಬೇಕು. ಹನ್ನೆರಡು ತುಂಬಿದ ಮಕ್ಕಳೂ ಈ ಪರೀಕ್ಷೆ ಬರೆಯಬಹುದು.

ಒಂದು ಕಾಲೇಜಿನ ಸ್ಟೇಷನ್ ಆ ಕಾಲೇಜಿನ ಉಪಗ್ರಹಕ್ಕಷ್ಟೇ ಎಂದುಕೊಳ್ಳಬೇಕಿಲ್ಲ. 2016ರ ಸೆಪ್ಟೆಂಬರ್ 26ರಂದು ಪಿಎಸ್‌ಎಲ್‌ವಿ–ಸಿ35 ಬೆಂಗಳೂರಿನ ಪಿಇಎಸ್ ವಿದ್ಯಾರ್ಥಿಗಳ ಪೈಸ್ಯಾಟ್ ಜೊತೆಗೆ ಐಐಟಿ ಬಾಂಬೆಯ ‘ಪ್ರಥಮ್’ ಅನ್ನೂ ಒಯ್ದಿತು. ಅಯಾನುಗೋಳದಲ್ಲಿನ ಎಲೆಕ್ಟ್ರಾನುಗಳ ಲೆಕ್ಕ ಹಿಡಿಯುವುದು ಪ್ರಥಮ್‌ನ ಉದ್ದೇಶ; ಅದನ್ನು ಅಳೆಯಬೇಕಾದದ್ದು ನೆಲಕ್ಕೆ ಬಂದ ಸಂಕೇತದಿಂದಲೇ. ಹೀಗಾಗಿ ಆ ತಂಡ ಬೇರೆ ಕಾಲೇಜುಗಳಿಗೂ ಸ್ಟೇಷನ್ ಕಟ್ಟುವುದನ್ನು ಕಲಿಸಿತು. ಗ್ರೀಸ್‌ನಲ್ಲಿ ಹುಟ್ಟಿದ ಸ್ಯಾಟ್‌ನಾಗ್ಸ್ ಜಾಲ ಇಂದು ಹಲವು ದೇಶಗಳ ಇಂಥ ಪುಟ್ಟ ಸ್ಟೇಷನ್‌ಗಳನ್ನು ಅಂತರ್ಜಾಲದಲ್ಲಿ ಹೆಣೆದಿದೆ. ಒಂದೂರಿಗೆ ಕಾಣದ ಪಾಸ್ ಇನ್ನೊಂದೂರಿಗೆ ಸಿಗುತ್ತದೆ.

ಉಪಗ್ರಹ ಯೋಜನೆಗೆ ಕೈಹಾಕುವ ನಮ್ಮ ಕಾಲೇಜುಗಳು ಗ್ರೌಂಡ್ ಸ್ಟೇಷನ್ನನ್ನು ಕೊನೆಗೆ ಇಟ್ಟುಕೊಳ್ಳಬಾರದು, ಅದರಿಂದಲೇ ಶುರುಮಾಡಬೇಕು. ಉಪಗ್ರಹದ ಆಯಸ್ಸು ಬಹಳವೆಂದರೆ ಕೆಲವು ವರ್ಷ. ಸ್ಟೇಷನ್ ಬ್ಯಾಚ್ ಮೇಲೆ ಬ್ಯಾಚ್ ಕಲಿಸುತ್ತಾ ಉಳಿಯುತ್ತದೆ. ಕೇಳಲು ಸ್ವಂತ ಉಪಗ್ರಹವೇ ಬೇಕೆಂದೂ ಇಲ್ಲ. ಆಕಾಶದಲ್ಲಿ ಹ್ಯಾಮ್ ಉಪಗ್ರಹಗಳು ಸಾಕಷ್ಟಿವೆ. ಹುಬ್ಬಳ್ಳಿ, ಕಲಬುರಗಿ, ಮಂಗಳೂರಿನ ಪ್ರಾಧ್ಯಾಪಕ ಮಿತ್ರರೇ, ಕೆಲವೇ ಸಾವಿರ ರೂಪಾಯಿಯ, ಕಂಪ್ಯೂಟರಿಗೆ ಚುಚ್ಚುವ ಎಸ್‌ಡಿಆರ್ ರೇಡಿಯೊ ಡಾಂಗಲ್ ಮತ್ತು ವಿದ್ಯಾರ್ಥಿಗಳು ಕೈಯಾರೆ ಮಾಡಿದ ಒಂದು ಯಾಗಿಯಿಂದ ಈ ವರ್ಷವೇ ಆರಂಭಿಸಿ. ಆಸಕ್ತರಿಂದ ಹ್ಯಾಮ್ ಪರೀಕ್ಷೆಗೆ ಈಗಲೇ ಅರ್ಜಿ ಹಾಕಿಸಿ. ಪರವಾನಗಿ ಕೈಗೆ ಬರಲು ಸಮಯ ಹಿಡಿಯುತ್ತದೆ.