ಅಡಿಕೆ ಕಿತ್ತು ಜೋಳ ಬಿತ್ತಿದ ಆಟ

15 ಲಕ್ಷ ಜನ ಆಡಿದ ಆಟವೊಂದು ಸೋತಿತು ಎಂದರೆ ನಂಬುತ್ತೀರಾ? 2024ರ ಅಕ್ಟೋಬರ್ 31ರಂದು ಬಿಡುಗಡೆಯಾದ ‘ಡ್ರ್ಯಾಗನ್ ಏಜ್: ದಿ ವೇಲ್‌ಗಾರ್ಡ್’ ಎಂಬ ವಿಡಿಯೊ ಗೇಮ್‌ನ ಕಥೆ ಇದು. ಮೂರು ತಿಂಗಳಾಗುವಷ್ಟರಲ್ಲಿ ಮಾಲೀಕ ಕಂಪನಿ ಇಎ, ತಾನು ಎಣಿಸಿದ್ದರ ಸುಮಾರು ಅರ್ಧದಷ್ಟು ಜನ ಮಾತ್ರ ಆಡಿದ್ದಾರೆ ಎಂದು ಹೇಳಿಕೊಂಡಿತು. ಅದರ ಬೆನ್ನಿಗೇ ಆಟ ತಯಾರಿಸಿದ ಬಯೋವೇರ್ ಸ್ಟುಡಿಯೊದಲ್ಲಿ ಕೆಲವರನ್ನು ಬೇರೆ ತಂಡಗಳಿಗೆ ಕಳಿಸಿದರು, ಹಲವರು ಕೆಲಸ ಕಳೆದುಕೊಂಡರು. ಅವರಲ್ಲಿ ಹೆಚ್ಚಿನವರು ಮಾಡಿದ ತಪ್ಪೇನೂ ಇರಲಿಲ್ಲ. ನಾಳೆ ಕ್ಯಾಂಪಸ್ ಸಂದರ್ಶನಕ್ಕೆ ಕೂರುವ ನಾವು ಈ ಕಥೆಯನ್ನು ಪೂರ್ತಿ ತಿಳಿಯುವುದು ಒಳ್ಳೆಯದು.

ಇಂಥ ಆಟಗಳಿಗೆ ರೋಲ್ ಪ್ಲೇಯಿಂಗ್ ಗೇಮ್ ಎನ್ನುತ್ತಾರೆ. ಬಯಲಾಟದಲ್ಲಿ ಬಣ್ಣ ಹಚ್ಚಿದವರು ಪ್ರಸಂಗ ಇದ್ದಂತೆಯೇ ನಡೆಯಬೇಕು. ಇಲ್ಲಿ ಹಾಗಲ್ಲ. ಯೋಧನ ಇಲ್ಲವೇ ಮಂತ್ರವಾದಿಯ ವೇಷ ತೊಟ್ಟ ಆಟಗಾರ ಯಾರನ್ನು ಉಳಿಸಬೇಕು, ಯಾರ ಪರ ನಿಲ್ಲಬೇಕು ಎಂದು ತಾನೇ ತೀರ್ಮಾನಿಸುತ್ತಾನೆ. ಅದಕ್ಕೆ ತಕ್ಕಂತೆ ಕಥೆ ಕವಲೊಡೆಯುತ್ತದೆ. ಕೆನಡಾದ ಎಡ್ಮಂಟನ್‌ನಲ್ಲಿ 1995ರಲ್ಲಿ ವೈದ್ಯರು ಸೇರಿ ಕಟ್ಟಿದ ಬಯೋವೇರ್‌ಗೆ ಇದರಲ್ಲಿ ದೊಡ್ಡ ಹೆಸರು. 2009ರಲ್ಲಿ ಬಂದ ಡ್ರ್ಯಾಗನ್ ಏಜ್ ಮೊದಲ ಭಾಗವನ್ನು ಜನ ಮೆಚ್ಚಿಕೊಂಡರು.

ತೊಂದರೆ ಶುರುವಾಗಿದ್ದು ಮುಂದಿನ ಭಾಗಗಳಲ್ಲಿ. ಎರಡನೆಯದು ಒಂದೂವರೆ ವರ್ಷದೊಳಗೇ, 2011ರ ಮಾರ್ಚ್‌ನಲ್ಲಿ ಬಂತು. ಅವಸರ ಎಷ್ಟಿತ್ತೆಂದರೆ ಒಂದೇ ಗುಹೆಯ ನಕ್ಷೆ ಮತ್ತೆ ಮತ್ತೆ ಎದುರಾಗಿ ಆಟಗಾರರು ಬೇಸತ್ತರು. ಮೂರನೆಯದಕ್ಕೆ ‘ಫ್ರಾಸ್ಟ್‌ಬೈಟ್’ ಎಂಬ ಗೇಮ್ ಎಂಜಿನ್ ಬಳಸಿದರು. ಅದು ಗುಂಡು ಹಾರಿಸುವ ಆಟಗಳಿಗೆಂದು ಸ್ವೀಡನ್‌ನಲ್ಲಿ ರೂಪುಗೊಂಡದ್ದು. ಆಟಗಾರ ಸಾಮಾನು ಇಟ್ಟುಕೊಳ್ಳುವ ಚೀಲದಂಥ ಸಣ್ಣ ಸಂಗತಿಗೂ ಹೊಸದಾಗಿ ಕೋಡ್ ಬರೆಯಬೇಕಾಯಿತು. ಹಗಲು ರಾತ್ರಿ ದುಡಿದು ಮುಗಿಸಿದ ಆ ಆಟ 2014ರ ‘ದಿ ಗೇಮ್ ಅವಾರ್ಡ್ಸ್‌’ನಲ್ಲಿ ವರ್ಷದ ಆಟ ಎನಿಸಿತು. ಕೊನೆ ಗಳಿಗೆಯಲ್ಲಿ ಎಲ್ಲವೂ ಹೇಗೋ ಸರಿಹೋಗುತ್ತದೆ ಎಂಬ ನಂಬಿಕೆ ಅಲ್ಲಿ ಎಷ್ಟು ಬೇರೂರಿತ್ತೆಂದರೆ, ಅದಕ್ಕೆ ‘ಬಯೋವೇರ್ ಮ್ಯಾಜಿಕ್’ ಎಂಬ ಹೆಸರೇ ಇತ್ತು. ಇಂಟರ್ನಲ್ಸ್ ಹಿಂದಿನ ರಾತ್ರಿಯನ್ನು ನಂಬಿಕೊಂಡ ನಮಗೆ ಈ ಮ್ಯಾಜಿಕ್ ಹೊಸದೇನಲ್ಲ!

ನಾಲ್ಕನೇ ಭಾಗದ ಕೆಲಸ 2015ರಲ್ಲಿ ಆರಂಭವಾಯಿತು. ‘ಜಾಪ್ಲಿನ್’ ಎಂಬ ಗುಟ್ಟಿನ ಹೆಸರಿನ ಆ ಯೋಜನೆ ಚಿಕ್ಕದಾಗಿತ್ತು, ಅಚ್ಚುಕಟ್ಟಾಗಿತ್ತು. ಕಥೆಯ ನಾಯಕರು ಗೂಢಚಾರರು. ಆದರೆ ಪತ್ರಕರ್ತ ಜೇಸನ್ ಶ್ರಯರ್ ಅವರ ವರದಿಗಳು ಹೇಳುವಂತೆ, 2017ರಲ್ಲಿ ಅದನ್ನು ಕೈಬಿಡಲಾಯಿತು. ಹಲವರು ಒಟ್ಟಿಗೆ ಆನ್‌ಲೈನ್‌ನಲ್ಲಿ ಆಡುವ, ವರ್ಷಗಟ್ಟಲೆ ಹಣ ತರುವ ಆಟ ಬೇಕೆಂಬುದು ಇಎ ಬಯಕೆಯಾಗಿತ್ತು. ಕ್ರಿಯೇಟಿವ್ ಡೈರೆಕ್ಟರ್ ಮೈಕ್ ಲೇಡ್‌ಲಾ ಅದೇ ವರ್ಷ ಹೊರನಡೆದರು. ‘ಮಾರಿಸನ್’ ಎಂಬ ಹೆಸರಿನಲ್ಲಿ ಹೊಸ ಕೆಲಸ ಶುರುವಾಯಿತು. 2019ರಲ್ಲಿ ಬಯೋವೇರ್‌ನದೇ ಆನ್‌ಲೈನ್ ಆಟ ‘ಆಂಥಮ್’ ನೆಲಕಚ್ಚಿತು. 2021ರಲ್ಲಿ ಮತ್ತೆ ತಿರುವು: ಒಬ್ಬರೇ ಆಡುವ ಆಟವನ್ನೇ ಮಾಡಿ ಎಂಬ ಒಪ್ಪಿಗೆ ಸಿಕ್ಕಿತು. ಆದರೆ ಬುಡದಿಂದ ಹೊಸದಾಗಿ ಕಟ್ಟುವಷ್ಟು ಸಮಯ ಸಿಗಲಿಲ್ಲ.

ಚನ್ನಗಿರಿ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ಅಡಿಕೆ ಸಸಿ ನೆಟ್ಟರೆ ಫಸಲಿಗೆ ಐದಾರು ವರ್ಷ ಕಾಯಬೇಕು. ಎರಡನೇ ವರ್ಷ ಯಾರದೋ ಮಾತು ಕೇಳಿ ಸಸಿ ಕಿತ್ತು ಮೆಕ್ಕೆಜೋಳ ಬಿತ್ತಿದರು. ಜೋಳದ ದರ ಬಿದ್ದಾಗ ಮತ್ತೆ ಅಡಿಕೆಗೇ ಬಂದರು. ನೆಲ ಅದೇ, ದುಡಿದವರೂ ಅವರೇ. ಹೋದ ವರ್ಷಗಳು ಮಾತ್ರ ಹೋದವು. ಮೂರನೇ ಭಾಗಕ್ಕೂ ನಾಲ್ಕನೆಯದಕ್ಕೂ ನಡುವೆ ಹತ್ತು ವರ್ಷ ಸರಿದದ್ದು ಹೀಗೆ. ಕಾದು ಕಾದು ಆಡಿದವರಲ್ಲಿ ಹಲವರು, ಹಿಂದಿನ ಭಾಗಗಳಲ್ಲಿ ತಾವು ಮಾಡಿದ ಆಯ್ಕೆಗಳಿಗೆ ಇಲ್ಲಿ ಬೆಲೆಯೇ ಇಲ್ಲ ಎಂದು ಬೇಸರಪಟ್ಟರು. ಕೋಡ್ ಕೆಟ್ಟಿರಲಿಲ್ಲ. ತಾಂತ್ರಿಕವಾಗಿ ಆಟ ಸಲೀಸಾಗಿ ನಡೆಯುತ್ತದೆ ಎಂದು ವಿಮರ್ಶಕರು ಹೊಗಳಿದ್ದರು. ಕೆಟ್ಟಿದ್ದು ‘ನಾವು ಏನು ಮಾಡುತ್ತಿದ್ದೇವೆ’ ಎಂಬ ಪ್ರಶ್ನೆಯ ಉತ್ತರ. ಹತ್ತು ವರ್ಷದಲ್ಲಿ ಅದು ಎರಡು ಸಲ ಬದಲಾಗಿತ್ತು.

ಬದಲಾವಣೆಯೇ ತಪ್ಪು ಎಂದಲ್ಲ. ಬೆಲ್ಜಿಯಂನ ಲೇರಿಯನ್ ಸ್ಟುಡಿಯೊ ‘ಬಾಲ್ಡರ್ಸ್ ಗೇಟ್ 3’ ಆಟದ ಮೊದಲ ಅಂಕವನ್ನಷ್ಟೇ 2020ರ ಅಕ್ಟೋಬರ್‌ನಲ್ಲಿ ಮಾರಾಟಕ್ಕಿಟ್ಟಿತು. ಆಡಿದವರ ದೂರುಗಳನ್ನು ಕೇಳಿಸಿಕೊಂಡು ಸುಮಾರು ಮೂರು ವರ್ಷ ತಿದ್ದಿತು. 2023ರಲ್ಲಿ ಪೂರ್ಣ ಆಟ ಬಂದಾಗ ವರ್ಷದ ಆಟದ ಪ್ರಶಸ್ತಿ ಅದಕ್ಕೇ ಸಿಕ್ಕಿತು. ತಮಾಷೆಯೆಂದರೆ ಆ ಸರಣಿಯ ಮೊದಲ ಎರಡು ಭಾಗಗಳನ್ನು ಕಟ್ಟಿದ್ದು ಇದೇ ಬಯೋವೇರ್. ಲೇರಿಯನ್ ಸಸಿಯನ್ನು ಕೀಳಲಿಲ್ಲ, ಗೊಬ್ಬರ ಬದಲಾಯಿಸಿತು ಅಷ್ಟೆ.

ಕೆನಡಾದ ಕಥೆ ನಮಗೇಕೆ ಎನ್ನಬೇಡಿ. ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ‘ಧ್ರುವ ಇಂಟರಾಕ್ಟಿವ್’ ಭಾರತದ ಮೊದಮೊದಲ ಗೇಮ್ ಸ್ಟುಡಿಯೊಗಳಲ್ಲಿ ಒಂದು. ಮುಂದೆ ಅದು ಸ್ವೀಡನ್‌ನ ಸ್ಟಾರ್‌ಬ್ರೀಜ್ ಕಂಪನಿಯ ಪಾಲಾಯಿತು. 2018ರಲ್ಲಿ ಸ್ಟಾರ್‌ಬ್ರೀಜ್‌ನ ಆಟವೊಂದು ಸೋತು ಕಂಪನಿಯೇ ಸಂಕಷ್ಟಕ್ಕೆ ಸಿಲುಕಿತು. 2019ರಲ್ಲಿ ಧ್ರುವವನ್ನು ರಾಕ್‌ಸ್ಟಾರ್‌ಗೆ ಮಾರಿತು. ಎಲ್ಲೋ ಒಂದು ಆಟ ಸೋತರೆ ಬೆಂಗಳೂರಿನ ಕಚೇರಿಯ ಬೋರ್ಡ್ ಬದಲಾಗುತ್ತದೆ. ಗೇಮಿಂಗ್, ಅನಿಮೇಷನ್‌ಗೆಂದು ಕರ್ನಾಟಕ 2012ರಲ್ಲೇ ಪ್ರತ್ಯೇಕ ನೀತಿ ತಂದಿದೆ. ಈ ಕ್ಷೇತ್ರಕ್ಕೆ ಹೋಗುವವರು ನಮ್ಮ ತರಗತಿಗಳಲ್ಲೂ ಇದ್ದಾರೆ.

ನಮ್ಮ ಪ್ರಾಜೆಕ್ಟ್ ತಂಡದಲ್ಲಿ ನಾಲ್ವರಿದ್ದೇವೆ: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಿಂದ ಒಬ್ಬೊಬ್ಬರು. ಅಡಿಕೆ, ಮೆಕ್ಕೆಜೋಳದ ಮಾರುಕಟ್ಟೆ ದರ ತೋರಿಸುವ ಆ್ಯಪ್ ಮಾಡುತ್ತಿದ್ದೇವೆ. ಅರ್ಧ ಕೆಲಸ ಆದಮೇಲೆ ‘ಇದಕ್ಕೆ ಎಐ ಸೇರಿಸಿ, ಚಾಟ್‌ಬಾಟ್ ಹಾಕಿ’ ಎಂಬ ಸಲಹೆಗಳು ಬಂದವು. ಜಗಳೂರಿನ ಗೆಳೆಯ ಹೇಳಿದ: ‘ನಮ್ಮ ಕಡೆ ಬೋರ್ ಕೊರೆಸೋರು ಹೀಗೇ ಮಾಡ್ತಾರೆ ಕಣೋ. ಇಲ್ಲಿ ಅರ್ಧ, ಅಲ್ಲಿ ಅರ್ಧ. ದುಡ್ಡೆಲ್ಲಾ ಖಾಲಿ, ನೀರು ಎಲ್ಲೂ ಇಲ್ಲ.’ ಅಂದೇ ಒಂದು ಹಾಳೆಯಲ್ಲಿ ಬರೆದೆವು: ಈ ಆ್ಯಪ್ ಯಾರಿಗೆ, ಏನು ಮಾಡುತ್ತದೆ, ಏನು ಮಾಡುವುದಿಲ್ಲ. ಹೊಸದೇನಾದರೂ ಸೇರಿಸಬೇಕಾದರೆ ಯಾವುದನ್ನು ತೆಗೆಯುತ್ತೇವೆ ಎಂದು ಮೊದಲು ಹೇಳಬೇಕು. ಚಾಟ್‌ಬಾಟ್ ಸದ್ಯಕ್ಕೆ ಹೊರಗಿದೆ.

ಸಂದರ್ಶನದ ಕೊನೆಯಲ್ಲಿ ‘ನಿಮಗೇನಾದರೂ ಕೇಳಲಿಕ್ಕಿದೆಯೇ?’ ಎನ್ನುತ್ತಾರೆ. ನಾವು ಸಾಮಾನ್ಯವಾಗಿ ಇಲ್ಲ ಸರ್ ಎಂದು ಎದ್ದು ಬರುತ್ತೇವೆ. ಇನ್ನು ಮೇಲೆ ಒಂದು ಪ್ರಶ್ನೆ ಕೇಳೋಣ: ‘ನಾನು ಸೇರುವ ತಂಡ ಈಗ ಏನು ಮಾಡುತ್ತಿದೆ? ಒಂದು ವರ್ಷದ ಹಿಂದೆಯೂ ಅದನ್ನೇ ಮಾಡುತ್ತಿತ್ತೇ?’ ಉತ್ತರ ಕೊಡುವವರು ತಡವರಿಸಿದರೆ, ಆಫರ್ ಲೆಟರ್‌ಗೆ ಸಹಿ ಹಾಕುವ ಮುನ್ನ ಇನ್ನೊಮ್ಮೆ ಯೋಚಿಸಬಹುದು.