ಬಾಡಿಗೆಯ ಮನೆಯೂ ಅಮಾನತಿನ ಹಣವೂ

ಬಾಡಿಗೆಗೆ ಮನೆಯನ್ನು ಹಿಡಿಯುವಾಗ ಉಭಯತರಲ್ಲಿ ಇರುವ ಸೌಜನ್ಯವು ಅದನ್ನು ಬಿಡುವಾಗಲೂ ಉಳಿದಿರುವುದು ಅಪರೂಪ. ಬರುವ ದಿನ ಮನೆಯ ಯಜಮಾನನು ನಗುಮುಖದಿಂದ ಬೀಗದ ಕೈ ಕೊಡುತ್ತಾನೆ. ಬಾಡಿಗೆದಾರನು ಕೇಳಿದಷ್ಟು ಹಣವನ್ನು ಮರುಮಾತಿಲ್ಲದೆ ಎಣಿಸಿಡುತ್ತಾನೆ. ಹೋಗುವ ದಿನ ಆ ಹಣವನ್ನು ಕೇಳಿದೊಡನೆ ಗೋಡೆಯ ಮೊಳೆಗಳೂ ನಲ್ಲಿಯ ತುಕ್ಕೂ ಲೆಕ್ಕಕ್ಕೆ ಬರತೊಡಗುತ್ತವೆ. ವರ್ಷಗಟ್ಟಲೆ ಹಬ್ಬದ ಹೋಳಿಗೆಯನ್ನು ಹಂಚಿಕೊಂಡ ಎರಡು ಮನೆತನಗಳು ಕೆಲವು ಸಾವಿರ ರೂಪಾಯಿಗಳಿಗಾಗಿ ಮಾತು ಬಿಡುವುದನ್ನು ಯಾವ ಊರಿನಲ್ಲಿಯಾದರೂ ಕಾಣಬಹುದು.

ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯು 1956ನೆಯ ಇಸವಿ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಹೈದರಾಬಾದಿಗೆ ಒಳಪಟ್ಟಿದ್ದಿತು. ಆದುದರಿಂದ ಕಿರಾಯಿ, ಕರಾರು, ರಸೀದಿ ಮುಂತಾದ ಮಾತುಗಳು ಇಲ್ಲಿಯ ಜನರಿಗೆ ಮನೆಮಾತಿನಂತೆ ಬಳಕೆಯಾಗಿವೆ. ಅಂತಹುದೇ ಇನ್ನೊಂದು ಶಬ್ದ ಅಮಾನತು. ಇಂದು ಕಚೇರಿಯ ಭಾಷೆಯಲ್ಲಿ ನೌಕರನನ್ನು ಕೆಲಸದಿಂದ ತಡೆದಿರಿಸುವುದಕ್ಕೆ ಈ ಹೆಸರು. ಆದರೆ ಅದರ ಮೂಲಾರ್ಥವು ನಂಬಿ ಒಪ್ಪಿಸಿದ ವಸ್ತು ಎಂದು. ನಾವು ಡಿಪಾಜಿಟ್ಟು, ಅಡ್ವಾನ್ಸು ಎಂದು ಕರೆಯುವ ಹಣದ ಸ್ವರೂಪವನ್ನು ಈ ಒಂದು ಶಬ್ದವೇ ಹೇಳಿಬಿಡುತ್ತದೆ. ಅದು ಯಜಮಾನನ ಸಂಪಾದನೆಯಲ್ಲ. ಅವನ ಕೈಯಲ್ಲಿರುವ ಪರರ ಒಡವೆ.

ಈ ವಿಚಾರಕ್ಕೆ ಇಲ್ಲಿ ಈಗ ಹೆಚ್ಚಿನ ಮಹತ್ವವು ಬಂದಿದೆ. 2009ರ ಡಿಸೆಂಬರ್ 30ರಂದು ಗುಲಬರ್ಗಾ ಜಿಲ್ಲೆಯಿಂದ ಬೇರ್ಪಟ್ಟು ಯಾದಗಿರಿಯು ಜಿಲ್ಲಾಸ್ಥಳವಾಯಿತು. ಕಚೇರಿಗಳೊಡನೆ ನೌಕರರೂ ಬಂದರು. ಮೂರೂ ಊರುಗಳಲ್ಲಿ ಶಿಕ್ಷಕರು, ಬ್ಯಾಂಕಿನವರು, ಮಕ್ಕಳ ವಿದ್ಯಾಭ್ಯಾಸಕ್ಕೆಂದು ಹಳ್ಳಿಯಿಂದ ಬಂದ ಒಕ್ಕಲಿಗರು ಬಾಡಿಗೆಯ ಮನೆಗಳಲ್ಲಿದ್ದಾರೆ. ವರ್ಗವಾದ ಶಿಕ್ಷಕನು ಹೊಸ ಊರಿನಲ್ಲಿ ಅಮಾನತು ಕಟ್ಟಿದ ಹೊರತು ಮನೆ ದೊರೆಯದು. ಹಳೆಯ ಅಮಾನತು ಕೈಗೆ ಬಾರದ ಹೊರತು ಹೊಸದನ್ನು ಕಟ್ಟಲಾಗದು. ಈ ಇಕ್ಕಟ್ಟಿನಲ್ಲಿ ಗೃಹಿಣಿಯ ಬಂಗಾರವು ಒತ್ತೆ ಬೀಳುವುದುಂಟು.

ಕಾನೂನು ಏನು ಹೇಳುತ್ತದೆ? 1882ರ ಸ್ವತ್ತು ಹಸ್ತಾಂತರ ಶಾಸನದ 108ನೆಯ ಕಲಮಿನ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ಬಾಡಿಗೆದಾರನು ಮನೆಯನ್ನು ತಾನು ಪಡೆದ ಸ್ಥಿತಿಯಲ್ಲಿಯೇ ಒಪ್ಪಿಸತಕ್ಕದ್ದು. ಆದರೆ ಬಳಕೆಯಿಂದ ಸಹಜವಾಗಿ ಆಗುವ ಸವೆತಕ್ಕೆ ಅವನು ಹೊಣೆಗಾರನಲ್ಲ. ನಾಲ್ಕು ಬೇಸಗೆ ಕಂಡ ಸುಣ್ಣವು ಮಾಸುವುದು, ಶಹಾಬಾದಿನ ಫರಸಿಯು ನಡೆದಾಟದಿಂದ ನುಣುಪಾಗುವುದು, ಗಡಸು ನೀರಿನಿಂದ ನಲ್ಲಿಗೆ ಬಿಳಿ ಕರೆ ಹಿಡಿಯುವುದು ಇವೆಲ್ಲ ಸವೆತ. ಕಿಟಕಿಯ ಗಾಜು ಒಡೆದರೆ, ಬಾಗಿಲಿನ ಚಿಲಕ ಮುರಿದರೆ ಅದು ಹಾನಿ. ಸವೆತವು ಯಜಮಾನನ ಪಾಲಿಗೆ, ಹಾನಿಯು ಬಾಡಿಗೆದಾರನ ಪಾಲಿಗೆ. 2021ರಲ್ಲಿ ಕೇಂದ್ರ ಸರ್ಕಾರವು ಪ್ರಕಟಿಸಿದ ಮಾದರಿ ಬಾಡಿಗೆ ಶಾಸನವು ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಮಾನತು ಕೂಡದೆಂದೂ, ಮನೆಯು ತೆರವಾಗಿ ಸ್ವಾಧೀನಕ್ಕೆ ಬಂದಾಗಲೇ, ಸಲ್ಲತಕ್ಕ ಬಾಕಿಯನ್ನು ಕಳೆದು, ಹಣವನ್ನು ಮರಳಿಸಬೇಕೆಂದೂ ಹೇಳುತ್ತದೆ. ಅದು ಮಾದರಿ ಮಾತ್ರ. ರಾಜ್ಯವು ಅದನ್ನು ತನ್ನ ಶಾಸನವಾಗಿ ಮಾಡಿಕೊಂಡಲ್ಲದೆ ಜನರನ್ನು ಕಟ್ಟದು. ಆದರೂ ನ್ಯಾಯವು ಯಾವ ಕಡೆಗಿದೆಯೆಂಬುದಕ್ಕೆ ಅದೊಂದು ಕೈಮರ.

ಲೆಕ್ಕವನ್ನು ಉದಾಹರಣೆಯಿಂದ ನೋಡೋಣ. ಅಮಾನತು 40,000 ರೂಪಾಯಿ. ಕೊನೆಯ ತಿಂಗಳ ಬಾಡಿಗೆ ಬಾಕಿ 5,000, ಜೆಸ್ಕಾಂ ವಿದ್ಯುತ್ತಿನ ಬಿಲ್ಲು 600, ಒಡೆದ ಗಾಜಿಗೆ 900, ಒಟ್ಟು 6,500. ಉಳಿದ 33,500 ರೂಪಾಯಿ ಮರಳತಕ್ಕದ್ದು. ಬಣ್ಣದ ಖರ್ಚನ್ನು ಬಾಡಿಗೆದಾರನು ಕೊಡಬೇಕೆಂದು ಕರಾರಿನಲ್ಲಿ ಬರೆದಿದ್ದರೆ ಅದನ್ನೂ ಕಳೆಯಬಹುದು. ಬರೆದಿಲ್ಲವಾದರೆ ಹೊಸ ಬಾಡಿಗೆದಾರನಿಗಾಗಿ ಬಳಿಸುವ ಬಣ್ಣವನ್ನು ಹಳೆಯವನ ತಲೆಗೆ ಕಟ್ಟುವುದು ಅನ್ಯಾಯ.

ಅಮಾನತು ಮರಳುವುದೂ ಮರಳದಿರುವುದೂ ಮನೆಯನ್ನು ಬಿಡುವ ದಿನದಲ್ಲಿ ನಿರ್ಣಯವಾಗುವ ಸಂಗತಿಯಲ್ಲ. ಹೊಕ್ಕ ದಿನವೇ ನಿರ್ಣಯವಾಗುತ್ತದೆ. ಆ ದಿನ ಹಣವನ್ನು ಬ್ಯಾಂಕಿನ ಮೂಲಕವೇ ಕೊಡುವುದು ಲೇಸು. ನಗದು ಕೊಟ್ಟರೆ ರಸೀದಿಯನ್ನು ಪಡೆಯದೆ ಏಳಕೂಡದು. ಕರಾರಿನಲ್ಲಿ ಅಮಾನತಿನ ಮೊತ್ತ, ಮರಳಿಸುವ ದಿನ, ಕಳೆಯಬಹುದಾದ ಬಾಬುಗಳು, ಬಿಡುವ ಮುನ್ನ ಕೊಡಬೇಕಾದ ಸೂಚನೆಯ ಅವಧಿ ಇವಿಷ್ಟೂ ಇರಬೇಕು. ಸಾಮಾನು ಇಳಿಸುವ ಮೊದಲೇ ಗೋಡೆ, ನೆಲ, ಬಾಗಿಲು, ನಲ್ಲಿ, ಮೀಟರಿನ ಅಂಕಿ ಇವುಗಳ ಚಿತ್ರಗಳನ್ನು ಮೊಬೈಲಿನಲ್ಲಿ ತೆಗೆದು ಯಜಮಾನನಿಗೂ ಒಂದು ಪ್ರತಿಯನ್ನು ಕಳುಹಿಸಿದರೆ ಮುಂದೆ ವಾದಕ್ಕೆ ಎಡೆಯಿರದು.

ಬಿಡುವಾಗ ಬರಹದ ಮೂಲಕ ಸೂಚನೆ ಕೊಡಬೇಕು. ತಿಂಗಳ ಬಾಡಿಗೆಯ ಮನೆಗೆ, ಬೇರೆ ಕರಾರು ಇಲ್ಲದಿದ್ದರೆ, 15 ದಿನಗಳ ಸೂಚನೆಯನ್ನು 1882ರ ಶಾಸನವೇ ಗೊತ್ತುಮಾಡಿದೆ. ಕೊನೆಯ ಬಾಡಿಗೆಯನ್ನು ಅಮಾನತಿನಲ್ಲಿ ಮುರಿದುಕೊಳ್ಳಿರೆಂದು ತಾವಾಗಿಯೇ ನಿಲ್ಲಿಸಿಬಿಡುವವರುಂಟು. ಯಜಮಾನನ ಒಪ್ಪಿಗೆ ಬರಹದಲ್ಲಿ ಇಲ್ಲದೆ ಹಾಗೆ ಮಾಡಿದರೆ ತಪ್ಪು ಬಾಡಿಗೆದಾರನದಾಗುತ್ತದೆ. ಮನೆಯನ್ನು ಗುಡಿಸಿ, ಬಿಲ್ಲುಗಳನ್ನು ತೀರಿಸಿ, ಯಜಮಾನನೊಡನೆ ಕೋಣೆ ಕೋಣೆಯನ್ನು ನೋಡಿ, ಬೀಗದ ಕೈಯನ್ನೂ ಲೆಕ್ಕದ ಚೀಟಿಯನ್ನೂ ಒಟ್ಟಿಗೆ ಕೈ ಬದಲಿಸುವುದು ಉತ್ತಮ ಪದ್ಧತಿ.

ಇಷ್ಟಾದರೂ ಹಣ ಬಾರದಿದ್ದರೆ ಜಗಳಕ್ಕೆ ನಿಲ್ಲಬೇಕಾಗಿಲ್ಲ. ಲೆಕ್ಕವನ್ನು ವಿವರಿಸಿ, ಗಡುವು ಹೇಳಿ, ಸ್ಪೀಡ್ ಪೋಸ್ಟಿನಲ್ಲಿ ಒಂದು ಪತ್ರ ಬರೆಯಬೇಕು. ಅದಕ್ಕೂ ಬಗ್ಗದಿದ್ದರೆ 1987ರ ಶಾಸನದ ಮೇರೆಗೆ ಏರ್ಪಟ್ಟ ಕಾನೂನು ಸೇವಾ ಸಮಿತಿಗಳಿವೆ. ದಾವೆ ಹೂಡುವ ಮೊದಲೇ ತಕರಾರನ್ನು ಲೋಕ ಅದಾಲತಿಗೆ ಒಯ್ಯಬಹುದು, ಶುಲ್ಕವಿಲ್ಲ, ಉಭಯತರು ಒಪ್ಪಿ ಆದ ತೀರ್ಮಾನಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯ ಬಲವುಂಟು. ಸ್ತ್ರೀಯರಿಗೂ, ಪರಿಶಿಷ್ಟ ಜಾತಿ ಪಂಗಡದವರಿಗೂ ವಕೀಲರ ನೆರವು ಉಚಿತ. ರಾಜಿಯಾಗದಿದ್ದರೆ ಸಿವಿಲ್ ದಾವೆ ಇದ್ದೇ ಇದೆ. ಆದರೆ ಹಣವು ಸಲ್ಲಬೇಕಾದಂದಿನಿಂದ ಸಾಮಾನ್ಯವಾಗಿ 3 ವರ್ಷಗಳೊಳಗೆ ಹೂಡಬೇಕು.

ಮನೆಯ ಯಜಮಾನರಿಗೂ ಒಂದು ಮಾತು. ಅಮಾನತಿನ ಹಣವನ್ನು ಮಗಳ ಮದುವೆಗೋ ಮೇಲಿನ ಅಂತಸ್ತಿಗೋ ಹಾಕಿಬಿಟ್ಟು, ಹೊಸ ಬಾಡಿಗೆದಾರನು ಬಂದ ಮೇಲೆ ಕೊಡುತ್ತೇನೆಂದು ಹೇಳುವುದರಿಂದಲೇ ಅರ್ಧ ತಕರಾರುಗಳು ಹುಟ್ಟುತ್ತವೆ. ಅದನ್ನು ಬ್ಯಾಂಕಿನಲ್ಲಿ ಬೇರೆಯಾಗಿ ಇರಿಸಿದರೆ ಬಡ್ಡಿಯೂ ಬರುತ್ತದೆ, ಕೇಳಿದಂದು ಕೊಡಲೂ ಬರುತ್ತದೆ. ಲೆಕ್ಕ ತಪ್ಪದೆ ಹಣ ಮರಳಿಸುವ ಯಜಮಾನನ ಮನೆಯು ಖಾಲಿ ಬೀಳುವುದು ಕಡಮೆ. ಬಿಟ್ಟುಹೋದವನೇ ಇನ್ನೊಬ್ಬ ಒಳ್ಳೆಯ ಬಾಡಿಗೆದಾರನನ್ನು ಆ ಬಾಗಿಲಿಗೆ ಕಳುಹಿಸುತ್ತಾನೆ.