ಪಂಪುಸೆಟ್ಟಿನ ವಿದ್ಯುತ್ ಕೆಲಸಕ್ಕೆ ತಕ್ಕ ಕೈಮುಟ್ಟುಗಳ ಆಯ್ಕೆ

1902ನೆಯ ಇಸವಿಯಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಹರಿದ ವಿದ್ಯುಚ್ಛಕ್ತಿಯು ಇಂದು ನಮ್ಮ ಗ್ರಾಮಗಳಲ್ಲಿ ಬಾವಿ, ಕೊಳವೆ ಬಾವಿಗಳ ನೀರನ್ನು ಮೇಲಕ್ಕೆತ್ತುತ್ತಿರುವುದು ಎಲ್ಲರಿಗೂ ತಿಳಿದ ವಿಷಯವೇ ಆಗಿದೆ. ಕಪಿಲೆಯ ಕಾಲದಲ್ಲಿ ಮಿಣಿ ಹಗ್ಗವನ್ನು ಎಳೆ ಎಳೆಯಾಗಿ ನೋಡಿ ಕೊಳ್ಳುತ್ತಿದ್ದ ಒಕ್ಕಲಿನವರು, ಈಗ ಬಹಳ ಹಣ ವೆಚ್ಚ ಮಾಡಿ ಮೋಟಾರನ್ನು ಇಳಿಸಿದ ಮೇಲೆ, ಅದರ ತಂತಿಯ ಹೊದಿಕೆಯನ್ನು ಹಲ್ಲಿನಿಂದ ಕಚ್ಚಿಯೋ, ಕುಡುಗೋಲಿನಿಂದ ಕೆರೆದೋ ಸುಲಿಯುವುದನ್ನು ಅನೇಕ ಕಡೆಗಳಲ್ಲಿ ನೋಡಬಹುದು. ಇದರಿಂದ ಮೋಟಾರಿಗೂ ಪ್ರಾಣಕ್ಕೂ ಒದಗುವ ಹಾನಿಯನ್ನು ತಿಳಿಸಿ, ಯಾವ ಯಾವ ಉಪಕರಣಗಳನ್ನು ಹೇಗೆ ಆರಿಸಬೇಕೆಂಬುದನ್ನು ಗ್ರಾಮದ ಮುಖಂಡರ ಮತ್ತು ಜಮೀನುದಾರರ ಅವಗಾಹನೆಗೆ ತರುವುದೇ ಈ ಲೇಖನದ ಉದ್ದೇಶವು.

ಗಾಯಗೊಂಡ ತಂತಿಯಿಂದಾಗುವ ಕೇಡು: ಮಾವಿಗೆ ಕಣ್ಣು ಕಸಿ ಮಾಡುವವನು ತೊಗಟೆಯನ್ನು ಬಿಡಿಸುವಾಗ ಒಳಗಿನ ಮರಕ್ಕೆ ಗಾಯವಾಗದಂತೆ ಎಚ್ಚರಿಕೆ ವಹಿಸುತ್ತಾನಷ್ಟೆ. ತಂತಿಯ ಹೊದಿಕೆಯನ್ನು ಸುಲಿಯುವುದರಲ್ಲಿಯೂ ಇದೇ ನಿಯಮವು ಸಲ್ಲುತ್ತದೆ. 2.5 ಚದರ ಮಿಲಿಮೀಟರಿನ ಬಳುಕುವ ತಾಮ್ರದ ತಂತಿಯಲ್ಲಿ ಸಾಮಾನ್ಯವಾಗಿ 0.3 ಮಿಲಿಮೀಟರು ದಪ್ಪದ 36 ಎಳೆಗಳಿರುತ್ತವೆ. ಚಾಕು ತಗುಲಿ 6 ಎಳೆಗಳು ತುಂಡಾದರೆ ಆರನೆಯ ಒಂದು ಪಾಲು ತಾಮ್ರವು ಹೋದಂತಾಯಿತು. ಗಾಯಗೊಂಡು ಉಳಿದ ಎಳೆಗಳು ಮೋಟಾರಿನ ಅದುರಾಟಕ್ಕೆ ಸಿಕ್ಕಿ ಒಂದೊಂದಾಗಿ ಮುರಿಯುತ್ತವೆ. ಕೂಡುವ ಸ್ಥಳವು ಸಡಿಲವಾಗಿ ಕಾಯುತ್ತದೆ. ನೇರವಾಗಿ ಹೊರಡಿಸುವ ಮೋಟಾರು ಹೊರಡುವ ಗಳಿಗೆಯಲ್ಲಿ ಎಂದಿಗಿಂತ ಐದಾರು ಮಡಿ ವಿದ್ಯುತ್ತನ್ನು ಎಳೆಯುವುದು. ವಿದ್ಯುತ್ತು ಆರು ಮಡಿಯಾದರೆ ಆ ಸ್ಥಳದಲ್ಲಿ ಹುಟ್ಟುವ ಕಾವು ಮೂವತ್ತಾರು ಮಡಿಯಾಗುತ್ತದೆ. ಕಡೆಗೆ ಮೂರು ಫೇಸುಗಳಲ್ಲಿ ಒಂದು ಕಡಿದುಹೋದರೆ, ಭಾರವೆಲ್ಲವೂ ಉಳಿದೆರಡರ ಮೇಲೆ ಬಿದ್ದು, ಕಾಪಾಡುವ ರಿಲೇ ಸರಿಯಾಗಿಲ್ಲದಿದ್ದಲ್ಲಿ, ಮೋಟಾರಿನ ಸುರುಳಿಯು ಸುಟ್ಟುಹೋಗುತ್ತದೆ. ಬೇಸಿಗೆಯಲ್ಲಿ ಹೀಗಾದರೆ ಪೈರಿನ ಗತಿಯೇನೆಂಬುದನ್ನು ಹೇಳಬೇಕಾದುದಿಲ್ಲ.

ಸುಲಿಯುವ ಉಪಕರಣಗಳು: ಇವುಗಳನ್ನು ಪೇಟೆಯಲ್ಲಿ ವೈರ್ ಸ್ಟ್ರಿಪ್ಪರುಗಳೆಂದು ಕರೆಯುವರು. ಇವು ಮುಖ್ಯವಾಗಿ ಮೂರು ವಿಧ. ಮೊದಲನೆಯದು, ಬಾಯಿಯಲ್ಲಿ ಮೂಲೆಗಚ್ಚುಳ್ಳ, ತಿರುಪಿನಿಂದ ಅಳತೆ ಹೊಂದಿಸುವ ಸಾದಾ ಇಕ್ಕಳ. ಇದರ ಬೆಲೆ ಕಡಿಮೆ. ಆದರೆ ತಂತಿ ಬದಲಾದಾಗಲೆಲ್ಲಾ ಅಳತೆಯನ್ನು ಹೊಂದಿಸದಿದ್ದರೆ ಎಳೆಗಳನ್ನು ಕಡಿಯುವುದು. ಎರಡನೆಯದು, ತಂತಿಯ ಒಂದೊಂದು ಗಾತ್ರಕ್ಕೂ ಒಂದೊಂದು ರಂಧ್ರವಿರುವುದು. ಗಾತ್ರವನ್ನು ಚದರ ಮಿಲಿಮೀಟರಿನಲ್ಲಿ ಕೆತ್ತಿರುವುದನ್ನೇ ಕೊಳ್ಳತಕ್ಕದ್ದು. ನಮ್ಮ ತಂತಿಗಳು ಆ ಲೆಕ್ಕದಲ್ಲಿಯೇ ಮಾರಲ್ಪಡುತ್ತವೆ. ಹೊರದೇಶದ ಗೇಜು ಲೆಕ್ಕವೊಂದನ್ನೇ ಬರೆದಿರುವುದನ್ನು ತಂದರೆ ರಂಧ್ರವು ತಂತಿಗೆ ಸರಿಹೊಂದದೆ ಹೋಗಬಹುದು. ಮೂರನೆಯದು, ತಾನೇ ಹಿಡಿದು ತಾನೇ ಎಳೆಯುವ ಸ್ವಯಂಚಾಲಿತ ಸ್ಟ್ರಿಪ್ಪರು. ಇದು ಕೆಲಸವನ್ನು ಬೇಗನೆ ಪೂರೈಸುವುದಾದರೂ, ಅಗ್ಗದ ಮಾಲಿನಲ್ಲಿ ದವಡೆಗಳು ಬೇಗ ಸವೆಯುತ್ತವೆ. ಗ್ರಾಮದ ಬಳಕೆಗೆ ಎರಡನೆಯ ವಿಧವೇ ಉತ್ತಮವೆಂದು ನನ್ನ ಅಭಿಪ್ರಾಯ.

ಕೊಳವೆ ಬಾವಿಗೆ ಇಳಿಬಿಡುವ ಮೂರು ಎಳೆಯ ಚಪ್ಪಟೆ ಕೇಬಲಿನ ಹೊರಹೊದಿಕೆಯನ್ನು ಈ ಸ್ಟ್ರಿಪ್ಪರುಗಳಿಂದ ಸುಲಿಯಲಾಗದು. ಅದಕ್ಕೆ ಬೇರೆಯಾದ ಕೇಬಲ್ ಚಾಕು ಬೇಕು. ಎರಡು ತಂತಿಗಳ ನಡುವಣ ತಗ್ಗಿನಲ್ಲಿ ಉದ್ದಕ್ಕೆ ಸೀಳಿ, ಹೊದಿಕೆಯನ್ನು ಹಿಂದಕ್ಕೆ ಮಡಿಸಿ ಕತ್ತರಿಸಬೇಕೇ ಹೊರತು, ಅಡ್ಡಲಾಗಿ ಒತ್ತಿ ಕೊಯ್ಯಬಾರದು. ಒಳಹೊದಿಕೆಗೆ ಗೀರು ಬಿದ್ದರೆ ನೀರಿನಲ್ಲಿ ಅದೇ ವಿದ್ಯುತ್ತು ಸೋರುವ ದಾರಿಯಾಗುವುದು.

ಅಂಗಡಿಯಲ್ಲಿ ಮಾಡುವ ಪರೀಕ್ಷೆ: ಕೊಳ್ಳಹೋಗುವಾಗ ನಿಮ್ಮ ಪಂಪಿನ ತಂತಿಯ ತುಂಡೊಂದನ್ನು ಒಯ್ಯಿರಿ. ಹತ್ತು ಬಾರಿ ಸುಲಿದು ನೋಡಿರಿ. ಹೊದಿಕೆಯ ಅಂಚು ನೇರವಾಗಿರಬೇಕು. ಎಳೆಗಳನ್ನು ಬಿಡಿಸಿ ಎಣಿಸಿದರೆ ಒಂದೂ ಕಡಿಮೆಯಾಗಿರಬಾರದು. ತಾಮ್ರದ ಮೇಲೆ ಹೊಳೆಯುವ ಗೀರು ಕಾಣಬಾರದು. ಅಲ್ಯೂಮಿನಿಯಂ ತಂತಿಯಲ್ಲಂತೂ ಗೀರು ಬಿದ್ದ ಸ್ಥಳವು ಬಗ್ಗಿಸಿದೊಡನೆ ಮುರಿಯುವುದು. ಸುಲಿಯುವ ಉದ್ದವು ಕೂಡುವ ತೂತಿನ ಆಳದಷ್ಟಿದ್ದರೆ ಸಾಕು. ಬರಿಯ ತಾಮ್ರ ಹೊರಗೆ ಕಾಣಬಾರದು, ಹೊದಿಕೆಯು ತಿರುಪಿನ ಕೆಳಗೆ ಸಿಕ್ಕಬಾರದು.

ಇತರ ಉಪಕರಣಗಳು: 8 ಅಂಗುಲದ ಕಟಿಂಗ್ ಪ್ಲೇಯರು, 6 ಅಂಗುಲದ ಪಕ್ಕ ಕತ್ತರಿ, ತಿರುಪುಮೊಳೆಯ ಸೀಳಿಗೆ ಸರಿಯಾಗಿ ಕೂಡುವ ಎರಡು ಅಳತೆಯ ಸ್ಕ್ರೂಡ್ರೈವರುಗಳು, ಲಗ್ಗುಗಳನ್ನು ಅದುಮುವ ಕ್ರಿಂಪಿಂಗ್ ಇಕ್ಕಳ, ಒಂದು ಮಲ್ಟಿಮೀಟರು, ಇಷ್ಟು ಅವಶ್ಯಕ. ಲಗ್ಗನ್ನು ಸುತ್ತಿಗೆಯಿಂದ ಜಜ್ಜುವುದು ಕೂಡದು. ತಾಮ್ರವನ್ನೂ ಅಲ್ಯೂಮಿನಿಯಮ್ಮನ್ನೂ ನೇರವಾಗಿ ಹೆಣೆಯಬಾರದು. ಎರಡು ಲೋಹದ ಲಗ್ಗನ್ನೇ ಉಪಯೋಗಿಸತಕ್ಕದ್ದು.

ಹಿಡಿಗೆ ಬಣ್ಣದ ಪ್ಲಾಸ್ಟಿಕ್ಕು ಹಾಕಿದ ಮಾತ್ರಕ್ಕೆ ಅದು ವಿದ್ಯುತ್ತನ್ನು ತಡೆಯುವುದೆಂದು ನಂಬಬಾರದು. ಅನೇಕವುಗಳಲ್ಲಿ ಅದು ಕೈ ಜಾರದಿರಲಿಕ್ಕೆ ಮಾತ್ರ. ಪರೀಕ್ಷೆಗೊಳಗಾದ ಉಪಕರಣದ ಮೇಲೆ ಜೋಡಿ ತ್ರಿಕೋನದ ಗುರುತೂ 1000 ವೋಲ್ಟ್ ಎಂಬ ಬರಹವೂ ಇರುತ್ತವೆ. ನಮ್ಮ ಪಂಪುಗಳಿಗೆ ಬರುವ ಮೂರು ಫೇಸಿನ ವಿದ್ಯುತ್ತು ಸುಮಾರು 415 ವೋಲ್ಟ್ ಆದಕಾರಣ ಇಂಥವನ್ನೇ ಆರಿಸಬೇಕು. ಹಿಡಿಯು ಬಿರುಕು ಬಿಟ್ಟ ದಿನವೇ ಅದನ್ನು ತ್ಯಜಿಸಬೇಕು.

ಉಪಕರಣಕ್ಕಿಂತ ಮುಖ್ಯವಾದುದು: ಎಷ್ಟು ಒಳ್ಳೆಯ ಮುಟ್ಟಿದ್ದರೂ ಹರಿಯುವ ವಿದ್ಯುತ್ತಿನ ಮೇಲೆ ಕೈಯಿಡಲಾಗದು. ತೋಟಗಳಿಗೆ ಮೂರು ಫೇಸಿನ ಸರಬರಾಜು ಸರದಿಯಲ್ಲಿ ಬರುವುದರಿಂದ, “ಈಗ ಕರೆಂಟಿಲ್ಲ” ಎಂಬ ನೆಚ್ಚಿಕೆಯಿಂದ ಕೆಲಸಕ್ಕೆ ಕೂತವನ ಕೈಯಲ್ಲಿರುವಾಗಲೇ ಅದು ಬಂದುಬಿಡಬಹುದು. ಮೈನ್ ಸ್ವಿಚ್ಚನ್ನು ತೆರೆದು, ಫ್ಯೂಸುಗಳನ್ನು ಕಿತ್ತು, ಅವನ್ನು ಕೆಲಸ ಮಾಡುವವನೇ ತನ್ನ ಜೇಬಿನಲ್ಲಿಟ್ಟುಕೊಳ್ಳತಕ್ಕದ್ದು. ಟೆಸ್ಟರಿನ ದೀಪವು ಹತ್ತದಿದ್ದುದರಿಂದಲೇ ತಂತಿಯಲ್ಲಿ ವಿದ್ಯುತ್ತಿಲ್ಲವೆಂದು ತಿಳಿಯಬಾರದು, ಟೆಸ್ಟರೇ ಕೆಟ್ಟಿರಬಹುದು. ವಿದ್ಯುತ್ತಿರುವ ಕಡೆ ಮೀಟರನ್ನು ಹಿಡಿದು, ಬಳಿಕ ಕೆಲಸದ ತಂತಿಯನ್ನು ನೋಡಿ, ಪುನಃ ಮೊದಲಿನ ಕಡೆ ಹಿಡಿದು ಖಚಿತಪಡಿಸಿಕೊಳ್ಳಬೇಕು. ಕೆಪಾಸಿಟರುಗಳಲ್ಲಿ ಸ್ವಿಚ್ಚು ತೆಗೆದ ಮೇಲೂ ವಿದ್ಯುತ್ತು ನಿಂತಿರುವುದನ್ನು ಮರೆಯಬಾರದು. ಕಂಬವನ್ನೂ ಟ್ರಾನ್ಸ್‌ಫಾರ್ಮರನ್ನೂ ವಿದ್ಯುತ್ ಕಂಪೆನಿಯ ನೌಕರರ ಹೊರತು ಯಾರೂ ಮುಟ್ಟಕೂಡದು. ಜೋಡಣೆಯ ಕೆಲಸವನ್ನು ಅನುಮತಿ ಪತ್ರವುಳ್ಳವರಿಂದಲೇ ಮಾಡಿಸಬೇಕು.

ಮುಖಂಡರು ಮಾಡಬಹುದಾದುದು: ಪ್ರತಿಯೊಬ್ಬ ರೈತನೂ ಇವೆಲ್ಲವನ್ನೂ ಕೊಳ್ಳುವುದು ಕಷ್ಟ. ಸಹಕಾರ ಸಂಘದ ಮೂಲಕ ಊರಿಗೊಂದು ಪೆಟ್ಟಿಗೆಯನ್ನು ಕೊಂಡಿಟ್ಟು, ಪಡೆದವರ ಹೆಸರನ್ನು ಪುಸ್ತಕದಲ್ಲಿ ಬರೆಯಿಸಿ ಕೊಡಬಹುದು. ಊರಿನ ತರುಣನೊಬ್ಬನನ್ನು ಕೈಗಾರಿಕಾ ತರಬೇತಿ ಸಂಸ್ಥೆಯಲ್ಲಿ ವಿದ್ಯುತ್ ಕೆಲಸ ಕಲಿಯಲು ಕಳುಹಿಸಿದರೆ ಪೆಟ್ಟಿಗೆಯು ಸಾರ್ಥಕವಾಗುವುದು. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಗಾದೆಯುಂಟು. ಮುಟ್ಟಿನ ಬೆಲೆಯಲ್ಲಿ ನಾಲ್ಕು ಕಾಸು ಉಳಿಸಹೋಗಿ ಕಳೆದುಕೊಂಡ ಪ್ರಾಣವೂ ಹಾಗೆಯೇ ತಿರುಗಿ ಬಾರದು. ಮುಂದಿನ ಬೇಸಿಗೆಯ ನೀರಾವರಿಗೆ ಮುಂಚೆಯೇ ಪ್ರತಿ ಊರಿನವರೂ ಈ ವಿಷಯದಲ್ಲಿ ಕಾರ್ಯೋನ್ಮುಖರಾಗಬೇಕೆಂದು ಕೋರುತ್ತೇನೆ.